ಕಥೆ ಹೇಳುವ ಗಾಯಕ: ಟಾಮ್ ಟಿ. ಹಾಲ್



1968ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ರೇಡಿಯೋ ಇದ್ದೆಡೆಯೆಲ್ಲ ಒಂದು ಹಾಡು ಕೇಳಿಬರುತ್ತಿದ್ದಿತು. ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳ ಮಗಳು ಶಾಲೆಯಿಂದ ಮನೆಗೆ ಬರುವಾಗ ಒಂದು ಚೀಟಿಯನ್ನು ತರುತ್ತಾಳೆ. ತಾಯಿಯ ಉಡುಪು ಗಿಡ್ಡವಾಯಿತೆಂದೂ, ಆಕೆಯ ನಡತೆ ಸರಿಯಿಲ್ಲವೆಂದೂ, ಇಂಥವಳ ಕೈಯಲ್ಲಿ ಮಗು ಬೆಳೆಯುವುದು ತರವಲ್ಲವೆಂದೂ ಊರಿನ ಪೋಷಕರ ಮತ್ತು ಉಪಾಧ್ಯಾಯರ ಸಂಘದವರು ಬರೆದ ಚೀಟಿ ಅದು. ಆಕೆ ಅಳುವುದಿಲ್ಲ, ಅಡಗಿ ಕೂರುವುದೂ ಇಲ್ಲ. ಅಂದೇ ಮಧ್ಯಾಹ್ನ, ಅದೇ ಗಿಡ್ಡ ಉಡುಪಿನಲ್ಲಿ, ಸಂಘದ ಸಭೆಗೆ ನೇರವಾಗಿ ನಡೆದು, ಅಲ್ಲಿ ಕುಳಿತಿದ್ದ ಗಣ್ಯರಲ್ಲಿ ಒಬ್ಬೊಬ್ಬರ ಕಡೆಗೂ ತಿರುಗಿ, ಅವರವರ ಮನೆಯ ಗುಟ್ಟನ್ನು ಅವರವರ ಮುಂದೆಯೇ ಬಿಚ್ಚಿಡುತ್ತಾಳೆ. ಕಥೆ ಮುಗಿಯುವಾಗ, ಇದನ್ನು ಹೇಳುತ್ತಿರುವವಳು ಚೀಟಿ ತಂದ ಆ ಮಗಳೇ ಎಂಬುದು ನಮಗೆ ತಿಳಿಯುತ್ತದೆ.

ಜೀನಿ ಸಿ. ರೈಲಿ ಎಂಬ ಗಾಯಕಿ ಹಾಡಿದ "ಹಾರ್ಪರ್ ವ್ಯಾಲಿ ಪಿ.ಟಿ.ಎ." ಎಂಬ ಈ ಗೀತೆ ಆ ದೇಶದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿಯೂ ಕಂಟ್ರಿ ಸಂಗೀತದ ಪಟ್ಟಿಯಲ್ಲಿಯೂ ಅಗ್ರಸ್ಥಾನವನ್ನು ಪಡೆಯಿತು, ಒಂದೇ ಗೀತೆಯಿಂದ ಈ ಎರಡೂ ಗೌರವಗಳಿಗೆ ಪಾತ್ರಳಾದ ಸ್ತ್ರೀಯರಲ್ಲಿ ಆಕೆಯೇ ಮೊದಲಿಗಳು. ಹತ್ತು ವರ್ಷಗಳ ತರುವಾಯ ಇದು ಚಲನಚಿತ್ರವೂ ಆಯಿತು. ಗೀತೆಯನ್ನು ಬಲ್ಲವರು ಕೋಟಿ ಜನ. ಅದನ್ನು ರಚಿಸಿದವನ ಹೆಸರನ್ನು ಬಲ್ಲವರು ಅವರಲ್ಲಿ ಸ್ವಲ್ಪವೇ ಮಂದಿ. ಆತನು ಟಾಮ್ ಟಿ. ಹಾಲ್. ಈ ಹೊತ್ತು ನಾನು ಆತನನ್ನು ಕುರಿತು ಮಾತನಾಡಬೇಕೆಂದಿರುವೆನು. ಏಕೆಂದರೆ ಸಾಮಾನ್ಯ ಜನರ ಬಾಳನ್ನು ಮೂರು ನಿಮಿಷಗಳ ಹಾಡಿನಲ್ಲಿ ಇಷ್ಟು ನಿಷ್ಠೆಯಿಂದ ಕಂಡರಿಸಿದ ಕವಿ ಕಳೆದ ಶತಮಾನದ ಅಮೆರಿಕದಲ್ಲಿ ಮತ್ತೊಬ್ಬನಿಲ್ಲವೆಂದೇ ನನ್ನ ನಂಬಿಕೆ, ಮತ್ತು ಅದಕ್ಕೆ ತಕ್ಕ ಮನ್ನಣೆ ಆತನಿಗೆ ದೊರೆತಿಲ್ಲವೆಂಬುದು ನನ್ನ ವ್ಯಥೆ.

ಕಂಟ್ರಿ ಸಂಗೀತವೆಂಬುದು ಅಮೆರಿಕದ ದಕ್ಷಿಣ ಪ್ರಾಂತಗಳ ಹಳ್ಳಿಗರ ಸಂಗೀತ. ಬ್ರಿಟನ್ನಿನಿಂದ ವಲಸೆ ಬಂದವರು ಹೊತ್ತು ತಂದ ಹಳೆಯ ಕಥನಗೀತೆಗಳು, ಕ್ರೈಸ್ತರ ಭಕ್ತಿಗೀತೆಗಳು, ಕರಿಯ ಜನಾಂಗದವರ ಬ್ಲೂಸ್, ಇವುಗಳ ಸಂಗಮದಿಂದ ಹುಟ್ಟಿ, 1920ರ ದಶಕದಿಂದೀಚೆಗೆ ಗ್ರಾಮಫೋನು ಮತ್ತು ರೇಡಿಯೋಗಳ ಮೂಲಕ ಪಟ್ಟಣಗಳನ್ನು ಸೇರಿ, ಟೆನಿಸಿ ಸಂಸ್ಥಾನದ ನ್ಯಾಶ್‌ವಿಲ್ ನಗರವನ್ನು ರಾಜಧಾನಿಯಾಗಿ ಮಾಡಿಕೊಂಡದ್ದು. ಪಿಟೀಲು, ಬ್ಯಾಂಜೋ, ಗಿಟಾರುಗಳೇ ಅದರ ವಾದ್ಯಗಳು. ಅದರ ವಸ್ತು ಬಹುಮಟ್ಟಿಗೆ ಪ್ರಣಯಭಂಗ, ಮದ್ಯ, ಮನೆಯ ಹಂಬಲ. ಈ ವಸ್ತುಗಳಲ್ಲಿ ಕಣ್ಣೀರು ಸುಲಭ. ಸತ್ಯ ಅಷ್ಟು ಸುಲಭವಲ್ಲ.

ಹಾಲ್ ಹುಟ್ಟಿದ್ದು 1936ನೆಯ ಇಸವಿಯ ಮೇ 25ರಂದು, ಕೆಂಟಕಿ ಸಂಸ್ಥಾನದ ಈಶಾನ್ಯ ಭಾಗದ ಗುಡ್ಡಗಳ ನಡುವಣ ಆಲಿವ್ ಹಿಲ್ ಎಂಬ ಊರಿನಲ್ಲಿ. ತಂದೆ ಇಟ್ಟಿಗೆಯ ಕಾರ್ಖಾನೆಯ ಕೆಲಸಗಾರ, ಧರ್ಮಬೋಧಕನೂ ಹೌದು. ತಾಯಿ ಹುಡುಗನ ಬಾಲ್ಯದಲ್ಲಿಯೇ ತೀರಿಕೊಂಡಳು. ಕೆಲವು ವರ್ಷಗಳಲ್ಲಿ ತಂದೆ ಬೇಟೆಯ ಸಂದರ್ಭದಲ್ಲಿ ಗುಂಡಿನ ಗಾಯಕ್ಕೆ ತುತ್ತಾಗಲು, ಹುಡುಗನು ಹದಿನೈದರ ಪ್ರಾಯದಲ್ಲಿ ಶಾಲೆಯನ್ನು ಬಿಟ್ಟು ಬಟ್ಟೆ ಹೊಲಿಯುವ ಕಾರ್ಖಾನೆಯನ್ನು ಸೇರಬೇಕಾಯಿತು. ಮುಂದೆ ರೇಡಿಯೋ ನಿಲಯದಲ್ಲಿ ಉದ್ಘೋಷಕನಾದನು. ಸೈನ್ಯವನ್ನು ಸೇರಿ ಜರ್ಮನಿಯಲ್ಲಿದ್ದನು. ಹಿಂದಿರುಗಿ ವರ್ಜಿನಿಯದ ರೋನೋಕ್ ಕಾಲೇಜಿನಲ್ಲಿ ಕೆಲಕಾಲ ಓದಿದನು. ಹೆಮಿಂಗ್ವೇ, ಸಿಂಕ್ಲೇರ್ ಲೂಯಿಸ್ ಮೊದಲಾದ ಗದ್ಯಲೇಖಕರಲ್ಲಿ ಆತನಿಗೆ ಉಂಟಾದ ಆದರ ಕಡೆಯವರೆಗೂ ಉಳಿಯಿತು. ಗೀತರಚನೆಯನ್ನು ಗೀತಕಾರರಿಗಿಂತ ಹೆಚ್ಚಾಗಿ ಕಥೆಗಾರರಿಂದ ಕಲಿತವನೀತ ಎಂಬುದನ್ನು ನೆನಪಿನಲ್ಲಿಟ್ಟರೆ ಆತನ ಹಾಡುಗಳ ಮರ್ಮ ಅರ್ಧ ತಿಳಿದಂತೆ. 1964ನೆಯ ಇಸವಿಯ ಜನವರಿ ಮೊದಲನೆಯ ದಿನ, ಒಂದು ಗಿಟಾರು ಮತ್ತು 46 ಡಾಲರುಗಳೊಡನೆ ನ್ಯಾಶ್‌ವಿಲ್ಲಿಗೆ ಬಂದಿಳಿದು, ವಾರಕ್ಕೆ 50 ಡಾಲರುಗಳ ಮುಂಗಡದ ಮೇಲೆ ಅನ್ಯರಿಗಾಗಿ ಹಾಡು ಬರೆಯುವ ಕೆಲಸಕ್ಕೆ ಸೇರಿದನು.

ಆತನ ರೀತಿಯನ್ನು ತಿಳಿಸಲು 1968ರ "ಬ್ಯಾಲಡ್ ಆಫ್ ಫಾರ್ಟಿ ಡಾಲರ್ಸ್" ಎಂಬ ಹಾಡನ್ನು ಮೊದಲು ಹೇಳುವೆನು. ಊರಿನಲ್ಲಿ ಒಬ್ಬನು ಸತ್ತಿದ್ದಾನೆ, ಶವಸಂಸ್ಕಾರ ನಡೆಯುತ್ತಿದೆ. ಇದನ್ನು ಬಣ್ಣಿಸುತ್ತಿರುವವನು ಮಗನೂ ಅಲ್ಲ, ಮಿತ್ರನೂ ಅಲ್ಲ. ಗುಂಡಿ ತೋಡಲು ಕೂಲಿಗೆ ಬಂದವರಲ್ಲಿ ಒಬ್ಬ. ತೋಡಲು ಹಿಡಿದ ಹೊತ್ತು, ಹೊತ್ತು ತಂದ ಕುರ್ಚಿ, ಕುಡಿದ ಬಿಯರು, ಬಂದು ನಿಂತ ದೊಡ್ಡ ಕಾರು, ವಿಧವೆಯ ರೂಪು, ಇವೆಲ್ಲವನ್ನೂ ಆತನು ದೂರದಲ್ಲಿ ನಿಂತು ನೋಡುತ್ತ ನೋಡುತ್ತ ಹೇಳಿ, ಕಡೆಯಲ್ಲಿ ಸತ್ತವನು ತನಗೆ ನಲವತ್ತು ಡಾಲರು ಕೊಡಬೇಕಾಗಿತ್ತೆಂದು ನೆನೆಯುತ್ತಾನೆ. ಮರಣವನ್ನು ಕುರಿತು ಒಂದು ತತ್ತ್ವವೂ ಇಲ್ಲಿ ಬರುವುದಿಲ್ಲ. ಆದರೂ ಮಸಣದಲ್ಲಿ ನಿಂತಿರುವ ಮನುಷ್ಯನ ಮನಸ್ಸಿನೊಳಗೆ ಏನೇನು ಹಾದುಹೋಗುವುದೋ, ನಾವು ಪರಸ್ಪರ ಹೇಳಿಕೊಳ್ಳಲು ನಾಚುವುದೆಲ್ಲವೂ, ಅದರಲ್ಲಿದೆ. ಹಾಲನ ಹಾಡುಗಳಲ್ಲಿ ದುಡ್ಡಿನ ಲೆಕ್ಕ ಮತ್ತೆ ಮತ್ತೆ ಬರುತ್ತದೆ. ಬಡವರ ನಡುವೆ ಬೆಳೆದವನಿಗೆ ನಲವತ್ತು ಡಾಲರು ಎಷ್ಟು ದೊಡ್ಡ ಸಂಗತಿಯೆಂಬುದು ಗೊತ್ತಿದ್ದಿತು.

ಅವನ ರಚನೆಗಳಲ್ಲಿ ನನಗೆ ಎಲ್ಲಕ್ಕಿಂತ ಮೇಲಾಗಿ ತೋರುವುದು 1969ರ "ಹೋಮ್‌ಕಮಿಂಗ್". ಹಾಡುಗಾರನಾಗಿ ಊರೂರು ಅಲೆಯುತ್ತಿರುವ ಮಗನೊಬ್ಬನು ಬಹುಕಾಲದ ಮೇಲೆ ತಂದೆಯ ಮನೆಗೆ ಬಂದಿದ್ದಾನೆ. ನಮಗೆ ಕೇಳುವುದು ಮಗನ ಮಾತು ಮಾತ್ರ; ತಂದೆಯ ಒಂದು ನುಡಿಯೂ ಕಿವಿಗೆ ಬೀಳುವುದಿಲ್ಲ. ಬರುತ್ತೇನೆಂದು ಮೊದಲೇ ಬರೆಯಬೇಕಾಗಿತ್ತೆನ್ನುತ್ತಾನೆ. ತಾಯಿಯ ಸಮಾಧಿಯ ಕಲ್ಲು ಚೆನ್ನಾಗಿದೆಯೆನ್ನುತ್ತಾನೆ. ಆಕೆಯ ಅಂತ್ಯಕ್ರಿಯೆಗೆ ತನಗೆ ಬರಲಾಗಲಿಲ್ಲವೆಂದು ಒಂದು ಕಾರಣವನ್ನೂ ಕೊಡುತ್ತಾನೆ. ನಡುವೆ ಒಮ್ಮೆ, ತಾನು ಹಾಡುವ ಸ್ಥಳಗಳನ್ನು ಹೆಂಡದಂಗಡಿಗಳೆಂದು ಕರೆಯಬಾರದು, ಅವು ನೈಟ್ ಕ್ಲಬ್ಬುಗಳು ಎಂದು ತಿದ್ದುತ್ತಾನೆ. ಆ ತಿದ್ದುಪಡಿಯಿಂದಲೇ, ಮುದುಕನು ಏನೆಂದು ಕೇಳಿರಬೇಕೆಂಬುದೂ, ಅದು ಮಗನಿಗೆ ಎಲ್ಲಿ ನಾಟಿತೆಂಬುದೂ ನಮಗೆ ಗೊತ್ತಾಗುತ್ತದೆ. ಹೊರಗೆ ಕಾರಿನಲ್ಲಿ ಯಾರೋ ಮಲಗಿರುವರು. ಹೊತ್ತಾಯಿತು, ಹೊರಡಬೇಕು. ಇಷ್ಟೆ. ಮಗನು ತಪ್ಪೊಪ್ಪಿಕೊಳ್ಳುವುದಿಲ್ಲ, ತಂದೆ ಕ್ಷಮಿಸುವುದೂ ಇಲ್ಲ, ಕವಿಯು ಯಾರ ಪಕ್ಷವನ್ನೂ ವಹಿಸುವುದಿಲ್ಲ. ನೆಪಗಳನ್ನು ಒಂದರ ಮೇಲೊಂದಾಗಿ ಹೇಳುತ್ತಿರುವವನ ಎದುರಿಗೆ ಮೌನವಾಗಿ ಕುಳಿತಿರುವ ಆ ಮುದುಕನನ್ನು ಕಟ್ಟಿಕೊಳ್ಳುವ ಕೆಲಸ ಕೇಳುವವರಾದ ನಮ್ಮ ಪಾಲಿಗೆ ಬರುತ್ತದೆ, ಮತ್ತು ಅವನನ್ನು ಕಟ್ಟಿಕೊಳ್ಳಲು ನಮಗೆ ದೊರೆಯುವ ಸಾಮಗ್ರಿ ನಮ್ಮ ನಮ್ಮ ತಂದೆಯರೇ.

ಹೇಳದೆ ಬಿಟ್ಟುಬಿಡುವುದರಲ್ಲಿ ಇಷ್ಟು ಸಾಮರ್ಥ್ಯ ಬರುವುದಕ್ಕೆ ಸಮಯ ಹಿಡಿಯಿತು. 1965ರಲ್ಲಿ ಹಾಲನು ಬರೆದು ಜಾನಿ ರೈಟ್ ಹಾಡಿದ "ಹಲೋ ವಿಯೆಟ್ನಾಮ್" ಎಂಬ ಗೀತೆ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತ್ತು. ಯುದ್ಧಕ್ಕೆ ಹೊರಟ ಯೋಧನು ಪ್ರಿಯತಮೆಗೆ ವಿದಾಯ ಹೇಳುತ್ತ ಆ ಯುದ್ಧದ ಅಗತ್ಯವನ್ನು ಸಮರ್ಥಿಸುವ ಗೀತೆ ಅದು. ಆ ಕಾಲಕ್ಕೆ ಸಲ್ಲುವಂಥದು, ಘೋಷಣೆಯ ಧ್ವನಿಯದು. ಐದು ವರ್ಷಗಳಾದ ಮೇಲೆ ಅದೇ ಲೇಖನಿಯಿಂದ "ಮಾಮಾ ಬೇಕ್ ಎ ಪೈ" ಎಂಬ ಇನ್ನೊಂದು ಹಾಡು ಬಂದಿತು. ಗಾಲಿಕುರ್ಚಿಯಲ್ಲಿ ಕುಳಿತು ಮನೆಗೆ ಮರಳುತ್ತಿರುವ ಸೈನಿಕನೊಬ್ಬನು ಇಲ್ಲಿ ಮಾತನಾಡುತ್ತಾನೆ. ಹೊದಿಕೆಯ ಕೆಳಗೆ ಒಂದು ಬಾಟಲಿಯನ್ನು ಅಡಗಿಸಿಕೊಂಡಿದ್ದಾನೆ. ಯಾರೋ ಆದರದಿಂದ ವಿಚಾರಿಸಲು, ಹೌದು, ದೇಶಕ್ಕಾಗಿ ಇದೆಲ್ಲ ಸಾರ್ಥಕವೇ ಎಂದು ವಿನಯದಿಂದ ಉತ್ತರ ಕೊಡುತ್ತಾನೆ. ಹಿಂದೆ ತನ್ನನ್ನು ಪ್ರೀತಿಸುತ್ತಿದ್ದ ಹುಡುಗಿ ನೋಡಲು ಬಂದೇ ಬರುವಳು, ಹವಾಮಾನದ ಮಾತನ್ನಾಡುವಳು, ತನ್ನ ಕಾಲುಗಳಿದ್ದ ಕಡೆಗೆ ಮಾತ್ರ ಕಣ್ಣೆತ್ತಿ ನೋಡಲಾರಳೆಂದು ಮೊದಲೇ ಊಹಿಸಿಕೊಳ್ಳುತ್ತಾನೆ. ಯುದ್ಧವನ್ನು ಖಂಡಿಸುವ ವಾಕ್ಯ ಈ ಹಾಡಿನಲ್ಲಿ ಎಲ್ಲಿಯೂ ಇಲ್ಲ. ಆ ದಶಕದಲ್ಲಿ ಬೀದಿ ಬೀದಿಗಳಲ್ಲಿ ಮೊಳಗಿದ ಪ್ರತಿಭಟನೆಯ ಗೀತೆಗಳನ್ನು ನಾನೂ ಗೌರವದಿಂದ ಕೇಳಿದ್ದೇನೆ. ಅವುಗಳಲ್ಲಿ ಬಹುಪಾಲು ಈಗ ಚರಿತ್ರೆಗೆ ಸೇರಿಹೋಗಿವೆ, ಈ ಗಾಲಿಕುರ್ಚಿಯ ಯುವಕನಾದರೋ ಇನ್ನೂ ಯಾವುದಾದರೊಂದು ದೇಶದಲ್ಲಿ ಮನೆಗೆ ಬರುತ್ತಲೇ ಇದ್ದಾನೆ.

1970ನೆಯ ಇಸವಿಯ ಡಿಸೆಂಬರ್ 30ರಂದು ಕೆಂಟಕಿಯ ಹೈಡನ್ ಎಂಬ ಊರಿನ ಬಳಿ ಕಲ್ಲಿದ್ದಲ ಗಣಿಯೊಂದರಲ್ಲಿ ಸ್ಫೋಟವಾಗಿ 38 ಮಂದಿ ಕೆಲಸಗಾರರು ಸತ್ತರು. ಗಣಿಗಾರರ ರಕ್ಷಣೆಗೆಂದು ಮಾಡಿದ ಹೊಸ ಕಾನೂನಿಗೆ ಅಂಕಿತ ಬಿದ್ದು ಅಂದಿಗೆ ಸರಿಯಾಗಿ ಒಂದು ವರ್ಷವಾಗಿತ್ತು. ಹಾಲನು ಆ ಸ್ಥಳಕ್ಕೆ ಹೋಗಿಬಂದು "ಟ್ರಿಪ್ ಟು ಹೈಡನ್" ಎಂಬ ಹಾಡನ್ನು ರಚಿಸಿದನು. ಅದರಲ್ಲಿ ಸ್ಫೋಟದ ವರ್ಣನೆಯಿಲ್ಲ, ವಿಲಾಪವೂ ಇಲ್ಲ. ಗುಡ್ಡದ ದಾರಿ, ದಾರಿಯ ಬದಿಯಲ್ಲಿ ಕ್ರಿಸ್ತನ ಪುನರಾಗಮನವನ್ನು ಸಾರುವ ಹಲಗೆಗಳು, ಊರ ಜನರೊಡನೆ ಆಡಿದ ಅಷ್ಟಿಷ್ಟು ಮಾತು, ಗಣಿಯ ಬಾಯಿ. ಬದುಕಿದ್ದಾಗ ಇದ್ದುದಕ್ಕಿಂತ ಸತ್ತ ಮೇಲೆ ಆ ಜನಕ್ಕೆ ಬೆಲೆ ಹೆಚ್ಚಾಯಿತೆಂದು ಊರಿನವರು ಆಡಿದ ಮಾತೊಂದನ್ನು ನಮಗೆ ತಲುಪಿಸಿ, ಅದರ ಮೇಲೆ ತನ್ನದೇನನ್ನೂ ಸೇರಿಸದೆ ನಿಲ್ಲಿಸುತ್ತಾನೆ. ಸಂಪಾದಕೀಯ ಲೇಖನಗಳು ಪುಟಗಟ್ಟಲೆ ಹೇಳಲಾರದೆ ಹೋದದ್ದು ಇಲ್ಲಿ ಒಂದು ವಾಕ್ಯದಲ್ಲಿ ಮುಗಿದಿದೆ. ಇನ್ನೊಬ್ಬರ ಮಾತನ್ನು ಅದರ ಘನತೆ ಕೆಡದಂತೆ ಎತ್ತಿಕೊಂಡು ಬಂದು ನಮ್ಮ ಮುಂದಿಡುವುದಕ್ಕೆ ಎಷ್ಟು ಶ್ರದ್ಧೆ ಬೇಕೆಂಬುದನ್ನು ಬರೆಯುವವರು ಬಲ್ಲರು.

1972ರಲ್ಲಿ ಮಯಾಮಿ ಬೀಚಿನ ಹೋಟಲೊಂದರಲ್ಲಿ ಕೆಲಸ ಮಾಡುತ್ತಿದ್ದ ಮುದುಕನೊಬ್ಬನೊಡನೆ ರಾತ್ರಿ ಆಡಿದ ಮಾತು "ಓಲ್ಡ್ ಡಾಗ್ಸ್, ಚಿಲ್ಡ್ರನ್ ಅಂಡ್ ವಾಟರ್‌ಮೆಲನ್ ವೈನ್" ಎಂಬ ಗೀತೆಯಾಗಿ, ಆತನ ಪ್ರಸಿದ್ಧ ರಚನೆಗಳಲ್ಲಿ ಒಂದಾಯಿತು. ಸಣ್ಣ ಊರೊಂದರ ಸೆರೆಮನೆಯಲ್ಲಿ ಕಳೆದ ದಿನಗಳೂ ಹಾಡಾದವು. 1970ರಲ್ಲಿ ಗಾಯಕನಾಗಿ ಆತನಿಗೆ ಮೊದಲನೆಯ ಅಗ್ರಸ್ಥಾನವನ್ನು ತಂದದ್ದು ಅದೇ.

ಇಷ್ಟಾದರೂ ಮನ್ನಣೆ ಸಾಲದೆ ಹೋದದ್ದೇಕೆ? ಆತನ ಕಂಠ ಸಾಧಾರಣವಾದುದು. ಎದುರಿಗೆ ಕುಳಿತು ಮಾತನಾಡುವವನ ಧ್ವನಿ. ಕಂಟ್ರಿ ಗಾಯಕ ಜಾರ್ಜ್ ಜೋನ್ಸನ ಕಂಠದಂತೆ ಅದು ಎದೆಯನ್ನು ಸೀಳುವುದಿಲ್ಲ, ಜಾನಿ ಕ್ಯಾಶನದರಂತೆ ಗುಡುಗುವುದೂ ಇಲ್ಲ. ಹೇಳುವ ಕಥೆಗೆ ಅದೇ ಸರಿಯಾದ ಧ್ವನಿಯೆಂದು ತಿಳಿಯಬೇಕಾದರೆ ಕಥೆಗೆ ಕಿವಿಗೊಡಬೇಕು. ಜತೆಗೆ, ಆತನ ದೊಡ್ಡ ಯಶಸ್ಸುಗಳಲ್ಲಿ ಎಷ್ಟೋ ಅನ್ಯರ ಕಂಠದಲ್ಲಿ ಬಂದವು. 1996ರಲ್ಲಿ ಅಲನ್ ಜ್ಯಾಕ್ಸನ್ ಹಾಡಿ ಮೊದಲ ಸ್ಥಾನಕ್ಕೇರಿಸಿದ "ಲಿಟ್ಲ್ ಬಿಟ್ಟಿ"ಯೂ ಹಾಲನದೇ. ಮೂರನೆಯ ಕಾರಣ ಸ್ವಲ್ಪ ಕಹಿಯಾದುದು. ಆತನ ಸ್ವಂತ ಕಂಠದ ಹಾಡುಗಳಲ್ಲಿ ಅತ್ಯಂತ ದೂರ ಹೋದದ್ದು 1973ರ "ಐ ಲವ್": ತನಗೆ ಪ್ರಿಯವಾದ ಸಣ್ಣಪುಟ್ಟ ವಸ್ತುಗಳನ್ನು ಒಂದೊಂದಾಗಿ ಹೆಸರಿಸುತ್ತ ಹೋಗುವ, ಮಕ್ಕಳಿಗೂ ಒಪ್ಪುವ, ಸಕ್ಕರೆ ಹೆಚ್ಚಾದ ಗೀತೆ. 2015ರಲ್ಲಿ ಬಾಬ್ ಡಿಲನ್ ಒಂದು ಗೌರವ ಸಮಾರಂಭದ ಭಾಷಣದಲ್ಲಿ ಹಾಲನನ್ನು ಟೀಕಿಸಿದಾಗ ಉದಾಹರಣೆಯಾಗಿ ಎತ್ತಿಕೊಂಡದ್ದು ಇದನ್ನೇ. ಡಿಲನ್ ಮಹಾಕವಿಯೆಂಬುದರಲ್ಲಿ ನನಗೆ ಸಂಶಯವಿಲ್ಲ. ಆ ಗೀತೆ ಸಾಮಾನ್ಯವೆಂಬುದರಲ್ಲಿಯೂ ಇಲ್ಲ. ಆದರೆ "ಹೋಮ್‌ಕಮಿಂಗ್" ಬರೆದವನನ್ನು "ಐ ಲವ್" ಇಟ್ಟುಕೊಂಡು ತೂಗುವುದು ನ್ಯಾಯವಲ್ಲ. ಕವಿಯನ್ನು ಅಳೆಯತಕ್ಕದ್ದು ಅವನು ಏರಿದ ಎತ್ತರದಿಂದ.

ಗೌರವಗಳು ಬರಲೇ ಇಲ್ಲವೆಂದಲ್ಲ. 2008ರಲ್ಲಿ ಕಂಟ್ರಿ ಸಂಗೀತದ ಕೀರ್ತಿಮಂದಿರಕ್ಕೂ 2019ರಲ್ಲಿ ಗೀತರಚನಕಾರರ ಕೀರ್ತಿಮಂದಿರಕ್ಕೂ ಆತನನ್ನು ಸೇರಿಸಿಕೊಂಡರು. ಕಸುಬಿನವರು ಆತನನ್ನು "ಕಥೆಗಾರ" ಎಂದೇ ಕರೆಯುತ್ತಿದ್ದರು. ವೇದಿಕೆಯಿಂದ ನಿವೃತ್ತನಾದ ಮೇಲೆ, ಇಂಗ್ಲೆಂಡಿನಲ್ಲಿ ಹುಟ್ಟಿದ ಪತ್ನಿ ಡಿಕ್ಸಿಯೊಡನೆ ಕುಳಿತು ಬ್ಲೂಗ್ರಾಸ್ ಎಂಬ ಗುಡ್ಡಗಾಡಿನ ಸಂಗೀತಶಾಖೆಗೆ ನೂರಾರು ಹಾಡುಗಳನ್ನು ಬರೆದುಕೊಟ್ಟನು. ಆಕೆ 2015ರಲ್ಲಿ ತೀರಿಕೊಂಡಳು. ಆತನು 2021ರ ಆಗಸ್ಟ್ 20ರಂದು, ಟೆನಿಸಿಯ ಫ್ರ್ಯಾಂಕ್ಲಿನ್‌ನಲ್ಲಿ.

ಹೊಸದಾಗಿ ಕೇಳತಕ್ಕವರಿಗೆ ನಾನು ಹೇಳುವುದು 1971ರ "ಇನ್ ಸರ್ಚ್ ಆಫ್ ಎ ಸಾಂಗ್" ಎಂಬ ಧ್ವನಿಮುದ್ರಿಕೆ. ಹಾಡಿಗೆ ವಸ್ತುವನ್ನು ಅರಸುತ್ತ ತಾನು ಹುಟ್ಟಿ ಬೆಳೆದ ಸೀಮೆಯಲ್ಲಿ ಕಾರಿನಲ್ಲಿ ಸುತ್ತಿ ತಂದ ಸಂಗ್ರಹವದು. ಬಾಲ್ಯದಲ್ಲಿ ತನ್ನ ಆರಾಧ್ಯನಾಗಿದ್ದ ಊರಿನ ಗಿಟಾರುವಾದಕನೊಬ್ಬನ ಸಾವನ್ನು ಕುರಿತ, ಆತನಿಗೆ ಬೇರೆಯ ಹೆಸರಿಟ್ಟು ಬರೆದ, "ದ ಇಯರ್ ದಟ್ ಕ್ಲೇಟನ್ ಡಿಲೇನಿ ಡೈಡ್" ಎಂಬ ಹಾಡು ಅದರ ಮೊದಲಿಗಿದೆ. ಹೈಡನ್ನಿನ ಹಾಡೂ ಅದರಲ್ಲಿಯೇ ಇದೆ. ಸ್ಥಳ ಮತ್ತು ತಾರೀಖನ್ನೇ ಹೆಸರಾಗಿ ಉಳ್ಳ ಒಂದು ಹಾಡಿನಲ್ಲಿ ಮುದಿ ರೈತನೊಬ್ಬನು ಯುವಕರು ಗುಡ್ಡಗಳನ್ನು ಬಿಟ್ಟು ಹೋಗುತ್ತಿರುವುದನ್ನು ಹೇಳುತ್ತಾನೆ. ಇನ್ನೊಂದರಲ್ಲಿ ಆಸ್ಪತ್ರೆಯ ಕೊಠಡಿ: ಪಕ್ಕದ ಮಂಚದಲ್ಲಿ ಮಲಗಿರುವ ರೈತನೊಬ್ಬನು, ಬದುಕುವನೋ ಇಲ್ಲವೋ ಎಂದು ವೈದ್ಯರು ಶಂಕಿಸುತ್ತಿರುವಾಗ, ತನ್ನ ಪ್ರಾಣದ ವಿಚಾರವನ್ನೇ ಎತ್ತದೆ, ಮನೆಯಲ್ಲಿ ತನ್ನ ಹಂದಿಗಳಿಗೆ ಮೇವು ಹಾಕುವವರು ಯಾರೆಂದು ಒಂದೇ ಸಮನೆ ಕೊರಗುತ್ತಾನೆ, ಕೆಲವು ದಿನಗಳಲ್ಲಿ, ವೈದ್ಯರಿಗೆ ಕಾರಣ ತಿಳಿಯದಂತೆ, ಎದ್ದು ಬಟ್ಟೆ ತೊಟ್ಟು ಊರಿಗೆ ಹೊರಟುಹೋಗುತ್ತಾನೆ. ಬೇಸಾಯದ ಮನೆಗಳಲ್ಲಿ ಬೆಳೆದ ಶ್ರೋತೃಗಳಿಗೆ ಈ ರೈತನನ್ನು ನಾನು ಪರಿಚಯ ಮಾಡಿಕೊಡಬೇಕಾಗಿಲ್ಲ.