ರಾತ್ರಿ ಕೂಗುವ ಹಕ್ಕಿ ಯಾವುದು?

(ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ಕಳೆದ ವರ್ಷ ಸುಗ್ಗಿ ಮುಗಿದ ಮೇಲೆ ಒಂದು ಹಳ್ಳಿಗೆ ಹೋಗಿದ್ದೆ. ಅಲ್ಲಿ ಒಬ್ಬರ ಹಳೆಯ ಮನೆಯ ಅಟ್ಟದಿಂದ ರಾತ್ರಿಯೆಲ್ಲ ಬುಸ್ ಬುಸ್ ಎಂಬ ಶಬ್ದ. ನಾಗರಹಾವೇ ಸೇರಿಕೊಂಡಿದೆಯೆಂದು ಮನೆಯವರಿಗೆ ಭಯ. ಮಕ್ಕಳನ್ನು ಪಕ್ಕದ ಮನೆಯಲ್ಲಿ ಮಲಗಿಸುತ್ತಿದ್ದರು. ಮೆಣಸಿನಕಾಯಿ ಹೊಗೆ ಹಾಕಲು ಕೆಂಡವೂ ಸಿದ್ಧವಾಗಿತ್ತು. "ಒಂದು ರಾತ್ರಿ ತಡೆಯಿರಿ, ಕೇಳೋಣ" ಎಂದು ಅಲ್ಲೇ ಉಳಿದುಕೊಂಡೆ.

ಕತ್ತಲಾಗುತ್ತಲೇ ಬುಸುಗುಟ್ಟುವುದು ಶುರುವಾಯಿತು. ಹಾವು ಬುಸುಗುಟ್ಟುವುದು ಕೆಣಕಿದಾಗ. ಯಾರೂ ಹತ್ತಿರವಿಲ್ಲದೆ ಗಂಟೆಗಟ್ಟಲೆ ಗೊರಕೆ ಹೊಡೆದಂತೆ ಬುಸುಗುಟ್ಟುವುದಿಲ್ಲ. ಸ್ವಲ್ಪ ಹೊತ್ತಿಗೆ ತೆಂಗಿನ ಮರಗಳ ಕಡೆಯಿಂದ, ಹಳೆ ಸೀರೆ ಹರಿದಂತೆ ಉದ್ದನೆಯ ಕರ್ಕಶ ಕೂಗು ಬಂತು. ಆ ಕೂಗು ಹತ್ತಿರವಾದಂತೆ ಅಟ್ಟದ ಶಬ್ದವೂ ಜೋರಾಯಿತು. ನನಗೆ ಅನುಮಾನ ಉಳಿಯಲಿಲ್ಲ. ಕೂಗಿದ್ದು ಕಣಜಗೂಬೆ, ಒಳಗೆ ಅದರ ಮರಿಗಳು ತುತ್ತು ಕೇಳುತ್ತಿದ್ದವು.

ಬೆಳಿಗ್ಗೆ ಗೋಡೆಯ ಬುಡದಲ್ಲಿ ಕಪ್ಪನೆಯ ಉಂಡೆಗಳು ಸಿಕ್ಕವು. ಗೂಬೆ ಜೀರ್ಣವಾಗದ್ದನ್ನು ಹೀಗೆ ಕಕ್ಕುತ್ತದೆ. ಬಿಡಿಸಿ ನೋಡಿದರೆ ಕೂದಲು, ಸಣ್ಣ ಮೂಳೆ, ಇಲಿಗಳ ತಲೆಬುರುಡೆ. ಯಜಮಾನರು ಅದೇ ವಾರ ಪೇಟೆಯಿಂದ ಇಲಿ ಪಾಷಾಣ ತಂದಿಟ್ಟಿದ್ದರು!

ರಾತ್ರಿ ಹಕ್ಕಿ ಕಣ್ಣಿಗೆ ಬೀಳುವುದು ಅಪರೂಪ. ಆದ್ದರಿಂದ ಎಷ್ಟು ಹೊತ್ತಿಗೆ ಕೂಗಿತು, ಎಲ್ಲಿಂದ, ಒಂದೇ ಕೂಗೋ ಸಾಲಾಗಿಯೋ ಎಂಬುದನ್ನು ಗಮನಿಸಬೇಕು. ಮುಸ್ಸಂಜೆ ಮತ್ತು ನಸುಕಿನಲ್ಲಿ ಹುಣಸೆ ಮರದ ಪೊಟರೆಯ ಬಳಿ ಎರಡು ಹಕ್ಕಿ ಜಗಳವಾಡಿದಂತೆ ಚಿರ್‌ಚಿರ್ ಚಿವಕ್‌ಚಿವಕ್ ಎಂದರೆ ಅದು ಹಾಲಕ್ಕಿ, ಚುಕ್ಕೆಗಳಿರುವ ಪುಟ್ಟ ಗೂಬೆ. ಬುಡುಬುಡಿಕೆಯವರು ಶಕುನ ಹೇಳುವುದು ಇದರ ಹೆಸರಿನಲ್ಲೇ. ಬೀಳುಭೂಮಿಯ ನೆಲದಿಂದ, ಕೈಜಾರಿದ ಗೋಲಿ ಪುಟಪುಟನೆ ಪುಟಿದು ನಿಂತಂತೆ ಚುಕ್‌ಚುಕ್‌ಚುಕ್ ಕೇಳಿದರೆ ನತ್ತಿಂಗ. ಅದು ಹಾರುವ ಹುಳುಗಳನ್ನು ಹಿಡಿದು ತಿನ್ನುತ್ತದೆ. ಯಾರ ಗೊಡವೆಗೂ ಬರುವುದಿಲ್ಲ.

ಮೊಬೈಲ್ ಫೋನಿನಲ್ಲಿ ಕೂಗನ್ನು ಮುದ್ರಿಸಿಕೊಂಡರೆ ತಿಳಿದವರಿಗೆ ಕೇಳಿಸಬಹುದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರ ‘ಮರ್ಲಿನ್’ ಎಂಬ ಆ್ಯಪ್ ಧ್ವನಿ ಕೇಳಿ ಹೆಸರು ಸೂಚಿಸುತ್ತದೆ. ಅದು ಹೇಳಿದ್ದನ್ನೆಲ್ಲ ಹಾಗೇ ನಂಬಬೇಡಿ. ನಿಮ್ಮ ಕಿವಿಯಿಂದಲೂ ತಾಳೆ ನೋಡಿ.

ಅಟ್ಟದಲ್ಲಿ ಗೂಬೆ ಇದ್ದರೆ ಮನೆಗೆ ಕೇಡು ಎಂಬ ಮಾತು ಅಲ್ಲೂ ಬಂತು. ಹಗೇವು, ಕಣಜಗಳಿಗೆ ಕೇಡು ಇಲಿಯಿಂದ. ಗೂಬೆಯನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧವೂ ಹೌದು. ಗೂಬೆ ಬೇಟೆಯಾಡುವ ಕಡೆ ಬ್ರೊಮಾಡಿಯೋಲೋನ್‌ನಂತಹ ಪಾಷಾಣ ಇಡಬೇಡಿ. ಅದನ್ನು ತಿಂದ ಇಲಿ ಕೂಡಲೇ ಸಾಯುವುದಿಲ್ಲ. ತೂರಾಡುತ್ತಾ ಹೊರಬಂದು ಗೂಬೆಯ ಬಾಯಿಗೆ ಬೀಳುತ್ತದೆ, ವಿಷ ಮರಿಗಳಿಗೂ ತಲಪುತ್ತದೆ.

ಯಜಮಾನರು ಪೊಟ್ಟಣವನ್ನು ಅಂಗಡಿಗೆ ಹಿಂದಿರುಗಿಸಿದರು. ಎರಡು ತಿಂಗಳೊಳಗೆ ಮರಿಗಳು ಹಾರಿಹೋದವು. ಈಗ ಅವರ ಕೇಳಿಕೆ ಬೇರೆ: ಮುಂದಿನ ಸಲವೂ ಅಲ್ಲೇ ಮೊಟ್ಟೆಯಿಡಲು ಅಟ್ಟದ ಕಿಂಡಿಯನ್ನು ಎಷ್ಟು ಅಗಲ ಬಿಡಬೇಕು ಸ್ವಾಮಿ?