ಊರಿನ ವಿಜ್ಞಾನ, ಸರ್ಕಾರದ ಅನುದಾನ

ಒಂದು ಊರು ತನ್ನ ಮಣ್ಣಿನಲ್ಲಿ ನಡೆದ ವಿಜ್ಞಾನದ ಕೆಲಸವನ್ನು ನಾಲ್ಕು ಜನಕ್ಕೆ ತೋರಿಸಬೇಕೆಂದರೆ ಜಾಗ ಬೇಕು, ಕಟ್ಟಡ ಬೇಕು, ಬಿಡಿಸಿ ಹೇಳುವವರು ಬೇಕು. ಇದಕ್ಕೆಲ್ಲ ದುಡ್ಡು ಹಾಕುವ ಹೊಣೆಯನ್ನು ನಮ್ಮ ನಾಡಿನ ಸರ್ಕಾರಗಳು ಬಹಳ ಹಿಂದೆಯೇ ಹೊತ್ತಿವೆ. ಮೈಸೂರಿನ ದಸರಾ ವಸ್ತುಪ್ರದರ್ಶನ ಶುರುವಾದದ್ದು 1880ರ ದಶಕದಲ್ಲಿ, ಹತ್ತನೇ ಚಾಮರಾಜ ಒಡೆಯರ ಕಾಲಕ್ಕೆ. ಹಬ್ಬಕ್ಕೆ ಬಂದವರು ಹೊಸ ಕಾಲದ ಕಸುಬು, ಕೈಗಾರಿಕೆಗಳನ್ನೂ ನೋಡಿಕೊಂಡು ಹೋಗಲಿ ಎಂಬುದು ಅದರ ಉದ್ದೇಶ.

ಹೆಮ್ಮೆಯಿಂದ ತೋರಿಸುವಂಥದ್ದೂ ಮೈಸೂರು ಸಂಸ್ಥಾನದಲ್ಲಿ ಬೇಕಾದಷ್ಟಿತ್ತು. 1902ರ ಜೂನ್‌ನಲ್ಲಿ ಕಾವೇರಿಯ ಶಿವನಸಮುದ್ರ ಜಲಪಾತದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಲುಪಿತು. ಅಷ್ಟು ಉದ್ದದ ತಂತಿಮಾರ್ಗ ಆಗ ಜಗತ್ತಿನಲ್ಲೇ ಅಪರೂಪ. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿದ್ದೂ ಅದೇ ಕಾವೇರಿಯ ನೀರಿನ ಬಲದಿಂದ.

ಸ್ವಾತಂತ್ರ್ಯದ ನಂತರ ಪ್ರದರ್ಶನಗಳಿಗೆ ಕಾಯಂ ನೆಲೆ ಸಿಕ್ಕಿತು. ವಿಶ್ವೇಶ್ವರಯ್ಯನವರ ಹೆಸರಿನ ವಸ್ತುಸಂಗ್ರಹಾಲಯವನ್ನು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ನೆಹರೂ 1962ರ ಜುಲೈ 14ರಂದು ಉದ್ಘಾಟಿಸಿದರು. ಅದರ ಆವರಣದಲ್ಲಿ ಇಟ್ಟಿರುವ ಮಾರುತ್ ಯುದ್ಧವಿಮಾನ ಅದೇ ಊರಿನ ಎಚ್‌ಎಎಲ್‌ನಲ್ಲಿ ತಯಾರಾಗಿ 1961ರಲ್ಲಿ ಮೊದಲ ಬಾರಿ ಹಾರಿದ್ದು. ಬೆಂಗಳೂರಿನ ಮಗು ತನ್ನ ಊರಿನವರು ಮಾಡಿದ ವಿಮಾನದ ರೆಕ್ಕೆಯ ಕೆಳಗೆ ನಿಲ್ಲಬಹುದು. ಸರ್ಕಾರದ ದುಡ್ಡು ಇದಕ್ಕಿಂತ ಚೆನ್ನಾಗಿ ಖರ್ಚಾದದ್ದನ್ನು ನಾನು ಹೆಚ್ಚು ಕಂಡಿಲ್ಲ.

1978ರಲ್ಲಿ ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಪರಿಷತ್ತು ಹುಟ್ಟಿತು. ಅದರ ಕಡೆಯಿಂದ 1984ರಲ್ಲಿ ಕಲಬುರಗಿಗೆ ಜಿಲ್ಲಾ ವಿಜ್ಞಾನ ಕೇಂದ್ರ ಬಂತು. ಆಮೇಲೆ ವಿಜ್ಞಾನ ಸಂಸ್ಕೃತಿಯನ್ನು ಬೆಳೆಸುವ ಕೇಂದ್ರ ಸರ್ಕಾರದ ಯೋಜನೆಯೊಂದು ಬಂತು. ಜಾಗ ರಾಜ್ಯದ್ದು, ಕಟ್ಟುವ ಖರ್ಚು ಕೇಂದ್ರ ಮತ್ತು ರಾಜ್ಯ ಎರಡರದ್ದು, ಕಟ್ಟಿದ ಮೇಲೆ ನಡೆಸಿಕೊಂಡು ಹೋಗುವ ಭಾರ ಮತ್ತೆ ರಾಜ್ಯದ್ದು. ಹೀಗೆ ಅನುದಾನ ರಾಜಧಾನಿಯನ್ನು ದಾಟಿ ಜಿಲ್ಲೆಗಳಿಗೆ ಹರಿಯಿತು.

ಆದರೆ ಹಣ ಹರಿದ ಕಡೆಯೆಲ್ಲ ಊರಿನ ಕಥೆ ಹರಿಯಲಿಲ್ಲ ಎಂಬುದು ನನ್ನ ಕೊರಗು. ಯಾವ ಊರಿನ ಕೇಂದ್ರಕ್ಕೆ ಹೋದರೂ ಅದೇ ವಕ್ರ ಕನ್ನಡಿ, ಅದೇ ಡೈನೋಸಾರ್. ಮಕ್ಕಳಿಗೆ ಅವೂ ಬೇಕು, ಬೇಡವೆನ್ನುವುದಿಲ್ಲ. ಆ ಊರಿನವರೇ ಮಾಡಿದ ಕೆಲಸಕ್ಕೂ ಅಲ್ಲಿ ಒಂದು ಗೋಡೆಯಾದರೂ ಇರಬೇಡವೇ?

ಶಿವನಸಮುದ್ರದ ತಂತಿ ಹೋಗಿ ಮುಟ್ಟಿದ ಆ ಕೋಲಾರದ ಚಿನ್ನದ ಗಣಿಯ ಊರು ಕೆ.ಜಿ.ಎಫ್. ಅನ್ನೇ ನೋಡಿ. ಅಲ್ಲಿನ ಗಣಿ ಜಗತ್ತಿನ ಅತಿ ಆಳದ ಗಣಿಗಳಲ್ಲೊಂದಾಗಿತ್ತು. ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಕೆಳಗೆ ವಿಜ್ಞಾನಿಗಳು ತಮ್ಮ ಉಪಕರಣಗಳನ್ನು ಹೂಡಿದರು. ಆಕಾಶದಿಂದ ಸುರಿಯುವ ವಿಶ್ವಕಿರಣಗಳಲ್ಲಿ ಬಹುಪಾಲು ಅಷ್ಟು ದಪ್ಪದ ಬಂಡೆಯನ್ನು ದಾಟಲಾರದೆ ಮೇಲೆಯೇ ಉಳಿಯುತ್ತವೆ. ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣ ಮಾತ್ರ ಬಂಡೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ತೂರಿ ಬರುತ್ತದೆ, ಎಲ್ಲೋ ಅಪರೂಪಕ್ಕೊಮ್ಮೆ ಕಲ್ಲಿಗೆ ಡಿಕ್ಕಿ ಹೊಡೆದು ತನ್ನ ಸುಳಿವು ಬಿಟ್ಟುಕೊಡುತ್ತದೆ. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಆ ಸುಳಿವು ಮೊದಮೊದಲು ಸಿಕ್ಕಿದ ಜಾಗಗಳಲ್ಲಿ ನಮ್ಮ ಕೆ.ಜಿ.ಎಫ್. ಒಂದು. ಅದು 1965ರ ಮಾತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರ ಜೊತೆ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರೂ ಇದ್ದರು. ಚಿನ್ನ ತೆಗೆಯಲು ನಮ್ಮ ಗಣಿ ಕಾರ್ಮಿಕರು ಬೆವರು ಸುರಿಸಿ ಕೊರೆದ ಆಳವಿಲ್ಲದಿದ್ದರೆ ಆ ಪ್ರಯೋಗ ಅಲ್ಲಿ ನಡೆಯುತ್ತಲೇ ಇರಲಿಲ್ಲ. ಗಣಿ 2001ರಲ್ಲಿ ಮುಚ್ಚಿತು.

1987ರಿಂದ ಪ್ರತಿ ಫೆಬ್ರವರಿ 28ರಂದು ರಾಷ್ಟ್ರೀಯ ವಿಜ್ಞಾನ ದಿನ ನಡೆಯುತ್ತಿದೆ. ಅದರ ಆಚರಣೆಗೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ರಾಜ್ಯಗಳ ಮಂಡಳಿಗಳ ಮೂಲಕ ಅನುದಾನ ಕೊಡುತ್ತ ಬಂದಿದೆ. ಮೊತ್ತ ದೊಡ್ಡದಾಗಿರಬೇಕಿಲ್ಲ. ಆ ಹಣದಲ್ಲಿ ಮುಂದಿನ ವಿಜ್ಞಾನ ದಿನದಂದು ಕೆ.ಜಿ.ಎಫ್‌ನ ಒಂದು ಶಾಲೆಯಲ್ಲಿ ಗಣಿಯ ಸುರಂಗಗಳ ನಕ್ಷೆ ತೂಗುಹಾಕಲಿ, ವಿಶ್ವಕಿರಣ ಎಣಿಸುವ ಒಂದು ಚಿಕ್ಕ ಉಪಕರಣವನ್ನು ಮೇಜಿನ ಮೇಲಿಡಲಿ. ಗಣಿಯಲ್ಲಿ ದುಡಿದ ಹಿರಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಲಿ. ಮಕ್ಕಳು ತಮಿಳಿನಲ್ಲೋ ತೆಲುಗಿನಲ್ಲೋ ಕನ್ನಡದಲ್ಲೋ ಕೇಳುವ ಪ್ರಶ್ನೆಗಳಿಗೆ ಆ ಹಿರಿಯರೇ ಉತ್ತರ ಹೇಳಲಿ.