ಚಿರತೆ ಮನುಷ್ಯನ ಮೇಲೆ ಬೀಳುವುದೇಕೆ?

(ಪುಲಿಕೇಶಿನಗರದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಚಿರತೆಯೆಂದರೆ ಕಂಡವರ ಮೇಲೆಲ್ಲ ಎರಗುವ ಪ್ರಾಣಿ ಎಂಬ ನಂಬಿಕೆ ನಮ್ಮಲ್ಲಿದೆ. ಇದು ಎಷ್ಟು ನಿಜ?

ಇಲ್ಲಿಂದ ಪೂರ್ವಕ್ಕಿರುವ ಕುಂದಲಹಳ್ಳಿಯ ಸಂಗತಿ ನೋಡಿರಿ. 2016ರ ಫೆಬ್ರವರಿ 7, ಭಾನುವಾರ, ಅಲ್ಲಿನ ಶಾಲೆಯೊಂದಕ್ಕೆ ಚಿರತೆ ನುಗ್ಗಿತ್ತು. ರಜೆಯಾದ್ದರಿಂದ ಮಕ್ಕಳಿರಲಿಲ್ಲ. ಅಡಗಿದ್ದ ಅದನ್ನು ಹಿಡಿಯಹೋದಾಗ ತಿರುಗಿಬಿದ್ದು ಹಲವರನ್ನು ಗಾಯಗೊಳಿಸಿತು. ಬೆಕ್ಕನ್ನಾದರೂ ಕೋಣೆಯಲ್ಲಿ ಕೂಡಿ ಹೊಡೆದರೆ ಮೈಮೇಲೆ ಬೀಳುತ್ತದೆಯಲ್ಲವೇ?

ಹಾಗೆಂದು ಚಿರತೆ ಸಾಧುವಲ್ಲ. ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರಿನಿಂದ 2023ರ ಜನವರಿಯೊಳಗೆ ನಾಲ್ವರು ಚಿರತೆಗೆ ಬಲಿಯಾದರು. ಅಂಥದನ್ನು ಹಿಡಿಯಲೇಬೇಕು. ಆದರೆ ಸಾಮಾನ್ಯವಾಗಿ ಚಿರತೆ ಊರಿಗೆ ಬರುವುದು ನಾಯಿ, ಕುರಿ, ಕರುಗಳಿಗಾಗಿ. ಮನುಷ್ಯರ ಸದ್ದು ಕೇಳಿದರೆ ಸರಿದುಹೋಗುತ್ತದೆ.

ಕಬ್ಬಿನ ಗದ್ದೆ ಅದಕ್ಕೆ ಒಳ್ಳೆಯ ಮರೆ. ಅಲ್ಲಿ ಮರಿ ಹಾಕುವುದೂ ಉಂಟು. ಆದ್ದರಿಂದ ಕಟಾವಿಗೆ ಗುಂಪಾಗಿ, ಸದ್ದು ಮಾಡುತ್ತ ಇಳಿಯಿರಿ. ಮರಿ ಕಂಡರೆ ಮುಟ್ಟದೆ ಹಿಂದೆ ಸರಿಯಿರಿ. ತಾಯಿ ಹತ್ತಿರದಲ್ಲೇ ಇರಬಹುದು. ಕುರಿ, ಕರುಗಳನ್ನು ರಾತ್ರಿ ಬಾಗಿಲು ಭದ್ರವಾಗಿರುವ ಕೊಟ್ಟಿಗೆಯಲ್ಲಿ ಕೂಡಿರಿ. ಮುಸ್ಸಂಜೆಯ ನಂತರ ಮಕ್ಕಳನ್ನು ಒಂಟಿಯಾಗಿ ಹೊರಗೆ ಕಳುಹಿಸಬೇಡಿರಿ. ಕತ್ತಲಲ್ಲಿ ನೀರು ಕಟ್ಟಲು ಹೋಗುವವರು ಟಾರ್ಚು ಹಿಡಿದು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿರಿ.

ಚಿರತೆ ಕಂಡರೆ ಸುತ್ತುಗಟ್ಟಬೇಡಿರಿ, ಕಲ್ಲೆಸೆಯಬೇಡಿರಿ, ಬೆನ್ನು ತೋರಿಸಿ ಓಡಬೇಡಿರಿ. ಅದಕ್ಕೆ ಹೋಗಲು ದಾರಿ ಬಿಟ್ಟು, ಅರಣ್ಯ ಇಲಾಖೆಯ 1926 ಸಂಖ್ಯೆಗೆ ಫೋನು ಮಾಡಿರಿ. ಆ ದಾರಿಯೇ ನಿಮಗೂ ರಕ್ಷಣೆ.